ಚೀಟಿ ಎತ್ತಿ ಆಪರೇಷನ್ ಮಾಡ್ತಾರಂತೆ, ಸಹಿ ಹಾಕಬಹುದಾ ಡಾಕ್ಟ್ರೇ?

ಪ್ರಶ್ನೆ: ನಮ್ಮ ತಂದೆಗೆ 67 ವರ್ಷ. ಬಸವೇಶ್ವರನಗರದಲ್ಲಿ ಸಣ್ಣ ದಿನಸಿ ಅಂಗಡಿ ಇಟ್ಟುಕೊಂಡಿದ್ದಾರೆ. ಎಂಟು ತಿಂಗಳಿಂದ ಬಲ ತೊಡೆಸಂದಿನಲ್ಲಿ ಹರ್ನಿಯಾ ಇದೆ. ಮಲಗಿದರೆ ಒಳಗೆ ಹೋಗುತ್ತೆ, ನಿಂತರೆ, ಕೆಮ್ಮಿದರೆ ಉಬ್ಬುತ್ತೆ. ನೋವು ಅಂತ ಹೆಚ್ಚೇನಿಲ್ಲ, ಅಕ್ಕಿ ಮೂಟೆ ಎಳೆದ ದಿನ ಸ್ವಲ್ಪ ಭಾರ ಅನ್ನುತ್ತಾರೆ. ಒಂದು ಖಾಸಗಿ ಆಸ್ಪತ್ರೆಯಲ್ಲಿ ‘ಲ್ಯಾಪ್ರೋಸ್ಕೋಪಿಯೇ ಬೆಸ್ಟ್, ರಿಸರ್ಚೇ ಹೇಳಿದೆ, ಈ ವಾರವೇ ಮಾಡಿಸಿ’ ಅಂದರು. ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಚಿಕ್ಕ ಡಾಕ್ಟರೊಬ್ಬರು ‘ಒಂದು ಅಧ್ಯಯನ ನಡೀತಿದೆ, ಓಪನ್ನೋ ಲ್ಯಾಪೋ ಅಂತ ಚೀಟಿಯಲ್ಲಿ ಬಂದ ಹಾಗೆ ಮಾಡ್ತೀವಿ, ಒಪ್ಪಿಗೆ ಇದ್ದರೆ ಇಲ್ಲಿ ಸಹಿ ಮಾಡಿ’ ಅಂದರು. ಅಪ್ಪ ‘ನಾನೇನು ಇಲಿನಾ?’ ಅಂತ ಎದ್ದು ಬಂದುಬಿಟ್ಟರು. ಸಹಿ ಹಾಕಬಹುದಾ? ಯಾವ ಆಪರೇಷನ್ ಒಳ್ಳೆಯದು? ತಡ ಮಾಡಿದರೆ ಅಪಾಯವಾ? ಮೆಶ್ ಅಂತ ಹಾಕ್ತಾರಂತಲ್ಲ, ಅದು ಮೈಯೊಳಗೆ ಉಳಿದರೆ ತೊಂದರೆ ಇಲ್ಲವಾ?
ಒಬ್ಬ ಓದುಗರು, ಬೆಂಗಳೂರು

ಉತ್ತರ: ನಿಮ್ಮ ತಂದೆ ಎದ್ದು ಬಂದದ್ದರಲ್ಲಿ ನನಗೆ ಆಶ್ಚರ್ಯವೇನಿಲ್ಲ. ಬೆಳಿಗ್ಗೆ ಏಳಕ್ಕೆ ಓಪಿಡಿ ಸಾಲಿನಲ್ಲಿ ನಿಂತು ಹನ್ನೊಂದಕ್ಕೆ ಒಳಗೆ ಹೋದವರಿಗೆ, ಎರಡೇ ನಿಮಿಷದಲ್ಲಿ ‘ಚೀಟಿಯಲ್ಲಿ ಬಂದ ಹಾಗೆ’ ಅಂದರೆ ಯಾರಿಗಾದರೂ ತಲೆ ಕೆಡುತ್ತದೆ. ಆ ಚಿಕ್ಕ ಡಾಕ್ಟರು ರಾತ್ರಿ ಡ್ಯೂಟಿ ಮುಗಿಸಿ ನಿದ್ದೆಗೆಟ್ಟೇ ಓಪಿಡಿಗೆ ಬಂದು ಕೂತಿದ್ದರೋ ಏನೋ, ಕುರ್ಚಿ ಎಳೆದು ಕೂರಿಸಿ ಹೇಳುವಷ್ಟು ವ್ಯವಧಾನ ಇರಲಿಲ್ಲ. ಅವರು ಹೇಳದೆ ಬಿಟ್ಟದ್ದನ್ನು ನಾನು ಹೇಳುತ್ತೇನೆ. ಅದಕ್ಕೂ ಮುಂಚೆ ‘ಈ ವಾರವೇ’ ಅನ್ನುವ ಅವಸರವನ್ನು ತಲೆಯಿಂದ ಇಳಿಸಿಬಿಡೋಣ.

ಹೊಟ್ಟೆಯ ಕೆಳಗೋಡೆ ಒಂದು ಕಡೆ ಸಡಿಲವಾಗಿ, ಒಳಗಿನ ಕೊಬ್ಬೋ ಕರುಳಿನ ಮಡಿಕೆಯೋ ಹೊರಗೆ ಇಣುಕಿದರೆ ಅದೇ ಹರ್ನಿಯಾ. ಭಯ ಇರುವುದು ಇಣುಕಿದ ಕರುಳು ವಾಪಸ್ ಹೋಗಲಾಗದೆ ಸಿಕ್ಕಿಹಾಕಿಕೊಂಡೀತು, ರಕ್ತ ನಿಂತು ಕೊಳೆತೀತು ಅಂತ. ನಾವು ಓದುವಾಗ ಹರ್ನಿಯಾ ಕಂಡರೆ ಆಪರೇಷನ್ ಅನ್ನುವುದು ಗುಣಾಕಾರದ ಮಗ್ಗಿಯಷ್ಟೇ ನಿಶ್ಚಿತವಾಗಿತ್ತು. ಕಾದು ನೋಡಿದರೆ ನಿಜಕ್ಕೂ ಎಷ್ಟು ಜನಕ್ಕೆ ಹಾಗಾಗುತ್ತದೆ ಅಂತ ಸರಿಯಾಗಿ ಎಣಿಸಿದ್ದು 2006ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಒಂದು ಅಧ್ಯಯನ. ಹರ್ನಿಯಾ ಇದೆ, ಆದರೆ ತೊಂದರೆ ಇಲ್ಲ ಅಥವಾ ಅತ್ಯಲ್ಪ ಅನ್ನುವಂಥ 720 ಗಂಡಸರನ್ನು ತೆಗೆದುಕೊಂಡು, ಸುಮಾರು ಅರ್ಧ ಜನಕ್ಕೆ ಆಗಲೇ ಆಪರೇಷನ್ ಮಾಡಿದರು, ಉಳಿದವರಿಗೆ ‘ಕಾಯಿರಿ, ನೋವು ಹೆಚ್ಚಾದರೆ ಬನ್ನಿ’ ಅಂದರು. ಕಾದವರಲ್ಲಿ ಕರುಳು ಸಿಕ್ಕಿಹಾಕಿಕೊಂಡ ಪ್ರಮಾಣ ಎಷ್ಟು ಗೊತ್ತೇ? ಸಾವಿರ ಜನ ಒಂದು ವರ್ಷ ಕಾದರೆ ಇಬ್ಬರಿಗಿಂತ ಕಡಿಮೆ, ಲೆಕ್ಕದಲ್ಲಿ 1.8.

ಇದನ್ನು ಓದಿ ‘ಹಾಗಾದರೆ ಆಪರೇಷನ್ನೇ ಬೇಡ’ ಅನ್ನಬೇಡಿ. ಅದೇ ಜನರನ್ನು ಬೆನ್ನು ಬಿಡದೆ ನೋಡುತ್ತಾ ಹೋದರು. ಎರಡು ವರ್ಷದಲ್ಲಿ ಕಾಯುತ್ತಿದ್ದವರ ಪೈಕಿ ನೂರಕ್ಕೆ 23 ಜನ ತಾವಾಗಿಯೇ ಬಂದು ಆಪರೇಷನ್ ಮಾಡಿಸಿಕೊಂಡರು. ಹತ್ತು ವರ್ಷದ ಅಂದಾಜು ನೂರಕ್ಕೆ 68, ಅದರಲ್ಲೂ 65 ದಾಟಿದವರಲ್ಲಿ 79. ಬಂದದ್ದು ಬಹುಪಾಲು ನೋವಿಗೆ. ಅಂದರೆ ನಿಮ್ಮ ತಂದೆಗೆ ಇವತ್ತಲ್ಲ ನಾಳೆ ಆಪರೇಷನ್ ಆಗುವ ಸಂಭವವೇ ಹೆಚ್ಚು. ಆದರೆ ಅದು ಯಾವ ತಿಂಗಳು ಅನ್ನುವುದನ್ನು ಅವರು ಆರಾಮಾಗಿ ತೀರ್ಮಾನಿಸಬಹುದು. ದೀಪಾವಳಿ ವ್ಯಾಪಾರ ಮುಗಿಸಿಕೊಂಡೇ ಬರಲಿ. ಆರೋಗ್ಯ ನೆಟ್ಟಗಿರುವಾಗ, ಬಿಪಿ ಸಕ್ಕರೆ ಹತೋಟಿಯಲ್ಲಿಟ್ಟುಕೊಂಡು, ಮನೆಯವರೆಲ್ಲ ಊರಲ್ಲಿರುವಾಗ ಮಾಡಿಸಿಕೊಳ್ಳುವುದೇ ಜಾಣತನ. ಎಪ್ಪತ್ತೆಂಟಕ್ಕೆ, ರಾತ್ರಿ ಎರಡು ಗಂಟೆಗೆ, ಎಮರ್ಜೆನ್ಸಿಯಾಗಿ ಮಾಡಿಸಿಕೊಳ್ಳುವ ಹಾಗೆ ಆಗಬಾರದು.

ಒಂದು ಎಚ್ಚರಿಕೆ ಮಾತ್ರ ಫ್ರಿಜ್ ಬಾಗಿಲಿಗೆ ಅಂಟಿಸಿಡಿ. ಉಬ್ಬು ಗಟ್ಟಿಯಾಗಿ, ಮಲಗಿದರೂ ಒಳಗೆ ಹೋಗದೆ, ನೋವು ಬಂದರೆ, ಅದರ ಜೊತೆ ವಾಂತಿ ಶುರುವಾದರೆ ಅಥವಾ ಮೇಲಿನ ಚರ್ಮ ಕೆಂಪಾದರೆ ಯಾರ ಲೇಖನವನ್ನೂ ಓದುತ್ತಾ ಕೂರಬೇಡಿ. ಹತ್ತಿರದ ಕ್ಯಾಶುವಾಲ್ಟಿಗೆ ಹೋಗಿ. ಮತ್ತೆ, ಈ ‘ಕಾಯಬಹುದು’ ಅನ್ನುವ ಮಾತು ಗಂಡಸರ ಲೆಕ್ಕದಿಂದ ಬಂದದ್ದು. ಹೆಂಗಸರಲ್ಲಿ ತೊಡೆಸಂದಿನ ಉಬ್ಬು ಬೇರೆ ಜಾತಿಯ ಹರ್ನಿಯಾ ಆಗಿರುವ, ಬೇಗ ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ ಹೆಚ್ಚು. ನಿಮ್ಮ ಚಿಕ್ಕಮ್ಮನಿಗೋ ಪಕ್ಕದ ಮನೆಯವರಿಗೋ ಇದನ್ನೇ ಹೇಳಿ ಕೂರಿಸಬೇಡಿ.

ಇನ್ನು ಓಪನ್ನೋ ಲ್ಯಾಪೋ. ಹಳೆಯ ಸೈಕಲ್ ಟೈರು ಒಂದು ಕಡೆ ಸವೆದು ಟ್ಯೂಬು ಹೊರಗೆ ಉಬ್ಬಿದ್ದನ್ನು ನಿಮ್ಮ ತಂದೆ ಕಂಡಿರುತ್ತಾರೆ. ಓಪನ್ ಅಂದರೆ ಹೊರಗಿನಿಂದ ಮೇಲ್ಗಡೆ ಪ್ಯಾಚ್ ಹಾಕಿದ ಹಾಗೆ. ತೊಡೆಸಂದಿನಲ್ಲಿ ಎರಡು ಮೂರು ಇಂಚು ಕೊಯ್ದು, ಉಬ್ಬನ್ನು ಒಳಕ್ಕೆ ತಳ್ಳಿ, ಮೆಶ್ ಅನ್ನುವ ಜಾಲರಿ ಹಾಸಿ ಹೊಲಿಯುತ್ತಾರೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಬಹುದು, ಆ ಜಾಗಕ್ಕಷ್ಟೇ ಮರಗಟ್ಟಿಸಿಯೂ ಮಾಡಬಹುದು. ಲ್ಯಾಪ್ ಅಂದರೆ ಟೈರಿನ ಒಳಮೈಗೆ ಪ್ಯಾಚ್. ಮೂರು ಸಣ್ಣ ತೂತು, ಕ್ಯಾಮೆರಾ, ಪೂರ್ತಿ ಅರಿವಳಿಕೆ. ಮೆಶ್ ಹೋಗಿ ಕೂರುವುದು ಸ್ನಾಯುಗಳ ಹಿಂದೆ.

‘ರಿಸರ್ಚೇ ಹೇಳಿದೆ’ ಅಂದರಲ್ಲ, ರಿಸರ್ಚ್ ಏನು ಹೇಳಿದೆ ನೋಡೋಣ. ಅಮೆರಿಕದ ಮಾಜಿ ಸೈನಿಕರ 14 ಆಸ್ಪತ್ರೆಗಳಲ್ಲಿ ಸುಮಾರು ಎರಡು ಸಾವಿರ ಗಂಡಸರಿಗೆ ಚೀಟಿ ಎತ್ತಿ, ಹೌದು, ಇದೇ ಚೀಟಿ, ಓಪನ್ ಅಥವಾ ಲ್ಯಾಪ್ ಮಾಡಿದರು. 2004ರಲ್ಲಿ ಫಲಿತಾಂಶ ಬಂತು. ಎರಡು ವರ್ಷದಲ್ಲಿ ಹರ್ನಿಯಾ ಮರುಕಳಿಸಿದ್ದು ಓಪನ್‌ನಲ್ಲಿ ನೂರಕ್ಕೆ 4.9, ಲ್ಯಾಪ್‌ನಲ್ಲಿ 10.1. ಲ್ಯಾಪ್ ಮಾಡಿಸಿಕೊಂಡವರಿಗೆ ಮೊದಮೊದಲು ನೋವು ಕಡಿಮೆ, ದಿನನಿತ್ಯದ ಓಡಾಟಕ್ಕೆ ಒಂದು ದಿನ ಮುಂಚೆ ಮರಳಿದರು ಅನ್ನುವುದು ನಿಜ. ಆದರೆ ಮರುಕಳಿಸಿದ್ದು ಎರಡು ಪಟ್ಟು.

ಇಲ್ಲಿಗೇ ನಿಲ್ಲಿಸಿದರೆ ನಾನೂ ಆ ಖಾಸಗಿ ಆಸ್ಪತ್ರೆಯವರ ಹಾಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಆ ಅಧ್ಯಯನದವರು ಇನ್ನೊಂದು ಕೆಲಸ ಮಾಡಿದ್ದರು. ಸರ್ಜನ್‌ಗಳನ್ನು ‘ಇದುವರೆಗೆ ನೀವು ಎಷ್ಟು ಲ್ಯಾಪ್ ಹರ್ನಿಯಾ ಮಾಡಿದ್ದೀರಿ’ ಅಂತ ಕೇಳಿ ಬರೆದುಕೊಂಡಿದ್ದರು. 250ಕ್ಕೂ ಹೆಚ್ಚು ಮಾಡಿದ್ದವರ ಕೈಯಲ್ಲಿ ಮರುಕಳಿಸಿದ್ದು ನೂರಕ್ಕೆ ಐದಕ್ಕಿಂತ ಕೆಳಗೆ. ಅದಕ್ಕಿಂತ ಕಡಿಮೆ ಮಾಡಿದ್ದವರ ಕೈಯಲ್ಲಿ ಹತ್ತರ ಮೇಲೆ. ಆಪರೇಷನ್ ಒಂದೇ, ಕೈ ಬೇರೆ. 2018ರಲ್ಲಿ ಹಲವು ದೇಶಗಳ ಹರ್ನಿಯಾ ಸರ್ಜನ್‌ಗಳು ಕೂತು ಬರೆದ ಮಾರ್ಗಸೂಚಿ ಕೂಡ ಇದನ್ನೇ ಹೇಳುತ್ತದೆ: ಪಳಗಿದ ಕೈ ಇದ್ದರೆ ಲ್ಯಾಪ್‌ನಲ್ಲಿ ನೋವು ಕಡಿಮೆ, ಇಲ್ಲದಿದ್ದರೆ ಓಪನ್ನೇ ಸರಿ. ಕೈ ಪಳಗುವುದಕ್ಕೆ 50ರಿಂದ 100 ಆಪರೇಷನ್ ಬೇಕು ಅನ್ನುವುದು ಅವರ ಅಂದಾಜು.

ಆದ್ದರಿಂದ ‘ಯಾವುದು ಒಳ್ಳೆಯದು’ ಅಂತ ನನ್ನನ್ನು ಕೇಳುವುದಕ್ಕಿಂತ ಸರ್ಜನ್ನನ್ನೇ ಕೇಳಿ. ‘ಸಾರ್, ನೀವು ಈ ಆಪರೇಷನ್ ಎಷ್ಟು ಮಾಡಿದ್ದೀರಿ? ಎಷ್ಟು ಜನಕ್ಕೆ ಮತ್ತೆ ಬಂದಿದೆ? ಅದನ್ನು ಹೇಗೆ ಎಣಿಸಿದಿರಿ?’ ಮೊದಲ ಪ್ರಶ್ನೆಗೆ ಎಲ್ಲರೂ ಉತ್ತರ ಕೊಡುತ್ತಾರೆ. ಎರಡನೆಯದಕ್ಕೆ ಬಹಳ ಜನ ‘ನನ್ನ ಪೇಷಂಟ್ ಯಾರಿಗೂ ಬಂದಿಲ್ಲ’ ಅನ್ನುತ್ತಾರೆ. ಸುಳ್ಳು ಹೇಳುತ್ತಿರುವುದಿಲ್ಲ, ನಂಬಿರುತ್ತಾರೆ. ಎಡವುವುದು ಮೂರನೆಯದರಲ್ಲಿ. ಮರುಕಳಿಸಿದವನು ಅದೇ ಡಾಕ್ಟರ ಹತ್ತಿರ ಯಾಕೆ ಹೋಗುತ್ತಾನೆ ಹೇಳಿ? ಬೇರೆ ಆಸ್ಪತ್ರೆಗೆ ಹೋಗುತ್ತಾನೆ. ಮೊದಲಿನವರ ಲೆಕ್ಕದಲ್ಲಿ ಅವನು ಗುಣವಾದವನಾಗಿಯೇ ಉಳಿಯುತ್ತಾನೆ.

ಇದು ನನಗೆ ಗೊತ್ತಿರುವುದು ಪುಸ್ತಕದಿಂದಲ್ಲ. ನನ್ನ ಎಂ.ಎಸ್. ಥೀಸಿಸ್ ಕೂಡ ಹರ್ನಿಯಾದ ಮೇಲೆಯೇ. ಮೆಶ್ ಹಾಕಿದ ಗಾಯದಲ್ಲಿ ಎಷ್ಟು ಜನಕ್ಕೆ ಕೀವಾಗುತ್ತದೆ ಅನ್ನುವುದು ವಿಷಯ. ಉದ್ದನೆಯ ಲೆಡ್ಜರಿನಲ್ಲಿ ಕೆಂಪು ಗೆರೆ ಹೊಡೆದು ಕಾಲಂ ಮಾಡಿಕೊಂಡಿದ್ದೆ. ಹೆಸರು, ಐಪಿ ನಂಬರ್, ಊರು, ಕೊನೆಗೆ ಫೋನ್. ಫೋನಿನ ಕಾಲಂನಲ್ಲಿ ಮುಕ್ಕಾಲು ಪಾಲು ‘ಪಿಪಿ’ ಅಂತ ಇರುತ್ತಿತ್ತು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಪಕ್ಕದ ಮನೆಯ ಫೋನು, ದಯವಿಟ್ಟು ಕರೆಯಿರಿ ಅಂತ ಅರ್ಥ. ಆರು ವಾರಕ್ಕೆ ಬನ್ನಿ ಅಂದವರಲ್ಲಿ ಬಂದವರು ಬಂದರು. ಬಾರದವರಿಗೆ ಪೋಸ್ಟ್ ಕಾರ್ಡ್ ಹಾಕಿದೆ. ಆಮೇಲೆ ಥೀಸಿಸ್ ಒಪ್ಪಿಸುವ ದಿನ ಹತ್ತಿರ ಬಂತು. ಬಾರದವರ ಮುಂದೆ ಏನು ಬರೆಯುವುದು? ತೊಂದರೆ ಇದ್ದಿದ್ದರೆ ಬರುತ್ತಿದ್ದರಲ್ಲ ಅಂದುಕೊಂಡು ‘ತೊಂದರೆ ಇಲ್ಲ’ ಅಂತ ಬರೆದೆ. ಕಪ್ಪು ರಟ್ಟಿಗೆ ಚಿನ್ನದ ಅಕ್ಷರ ಒತ್ತಿಸಿ ಒಪ್ಪಿಸಿದ್ದೂ ಆಯಿತು. ಯಾರೂ ಕೇಳಲಿಲ್ಲ.

ಕೆಲವು ತಿಂಗಳ ನಂತರ ಒಂದು ಮಧ್ಯಾಹ್ನ ಹೆರಿಗೆ ವಾರ್ಡಿನ ಕಾರಿಡಾರಿನಲ್ಲಿ ಮಾಗಡಿ ಕಡೆಯ ಯಜಮಾನರೊಬ್ಬರು ನನ್ನನ್ನು ಗುರುತು ಹಿಡಿದು ನಿಲ್ಲಿಸಿದರು. ಸೊಸೆಯ ಹೆರಿಗೆಗೆ ಬಂದಿದ್ದರು. ‘ಸಾಮಿ, ನೀವೇ ಅಲ್ವಾ ನಂಗೆ ಕುಯ್ದಿದ್ದು?’ ಅಂತ ಪಕ್ಕಕ್ಕೆ ಕರೆದು ಪಂಚೆ ಸರಿಸಿದರು. ಹೊಲಿಗೆಯ ಕಲೆಯ ಒಂದು ತುದಿಯಲ್ಲಿ ಅಕ್ಕಿಕಾಳಿನಷ್ಟು ತೂತು, ಒತ್ತಿದರೆ ತೆಳ್ಳಗೆ ಕೀವು. ಒಳಗಿನ ಮೆಶ್‌ಗೆ ಸೋಂಕು ಹತ್ತಿತ್ತು. ‘ಯಾಕೆ ಬರಲಿಲ್ಲ?’ ಅಂದೆ. ‘ರಾಗಿ ಕುಯ್ಲು ಇತ್ತು ಸಾಮಿ, ಆಮೇಲೆ ಊರ ಡಾಕ್ಟ್ರೇ ಪಟ್ಟಿ ಕಟ್ತಾವ್ರೆ, ಇಷ್ಟಕ್ಕೆ ಬೆಂಗ್ಳೂರಿಗೆ ಯಾಕೆ ಅಂತ.’ ಆ ರಾತ್ರಿ ಹಾಸ್ಟೆಲಿನಲ್ಲಿ ಲೆಡ್ಜರ್ ತೆಗೆದು ನೋಡಿದೆ. ಅವರ ಹೆಸರಿನ ಮುಂದೆ ನನ್ನ ಕೈಬರಹದಲ್ಲೇ ಇತ್ತು: ತೊಂದರೆ ಇಲ್ಲ.

ಅಂದಿನಿಂದ ಯಾವ ಅಧ್ಯಯನ ಕೈಗೆ ಬಂದರೂ ಮೊದಲು ಹುಡುಕುವುದು ಎಷ್ಟು ಜನ ಸೇರಿದರು ಅನ್ನುವುದನ್ನಲ್ಲ, ಕೊನೆಯವರೆಗೆ ಎಷ್ಟು ಜನರನ್ನು ಪತ್ತೆ ಹಚ್ಚಿದರು ಅನ್ನುವುದನ್ನು. ಮಾಜಿ ಸೈನಿಕರ ಅಧ್ಯಯನದಲ್ಲಿ ಎರಡು ವರ್ಷದ ನಂತರವೂ ನೂರಕ್ಕೆ 85 ಜನ ಸಿಕ್ಕಿದ್ದರು. ಅದಕ್ಕೇ ಅದರ ಮಾತಿಗೆ ತೂಕ. ‘ನಮ್ಮಲ್ಲಿ ಸಕ್ಸಸ್ ರೇಟ್ ನೂರಕ್ಕೆ 99’ ಅಂತ ಬೋರ್ಡ್ ಬರೆಸಿದ ಕಡೆ, ಆ ನೂರು ಜನರಲ್ಲಿ ಎಷ್ಟು ಮಂದಿಗೆ ವರ್ಷದ ನಂತರ ಫೋನ್ ಮಾಡಿದಿರಿ ಅಂತ ಕೇಳಿ ನೋಡಿ.

ಈಗ ಚೀಟಿಯ ವಿಷಯ. ಆಪರೇಷನ್ ಥಿಯೇಟರಿನಲ್ಲಿ ಅದು ನಡೆಯುವ ರೀತಿ ಹೀಗೆ: ಸಿಸ್ಟರ್ ಬೀರುವಿನಲ್ಲಿ ಕ್ರಮವಾಗಿ ನಂಬರ್ ಹಾಕಿದ ಖಾಕಿ ಲಕೋಟೆಗಳ ಕಟ್ಟು ಇರುತ್ತದೆ. ಅಂಟು ಹಾಕಿ ಮುಚ್ಚಿರುತ್ತಾರೆ. ಆ ದಿನದ ರೋಗಿಗೆ ಅರಿವಳಿಕೆ ಕೊಡುವ ಮುಂಚೆ, ಅಧ್ಯಯನಕ್ಕೆ ಸಂಬಂಧಪಡದವರೊಬ್ಬರು ಸರದಿಯ ಲಕೋಟೆ ಒಡೆಯುತ್ತಾರೆ. ಒಳಗೆ ‘ಓಪನ್’ ಅಥವಾ ‘ಲ್ಯಾಪ್’ ಅಂತ ಇರುತ್ತದೆ, ಅಷ್ಟೇ. ಲಕೋಟೆಯ ಕಾಗದ ದಪ್ಪಗಿರಬೇಕು ಅನ್ನುವುದು ನಿಯಮ. ಯಾಕೆಂದರೆ ಅದನ್ನು ಲೈಟಿಗೆ ಹಿಡಿದು ಒಳಗೇನಿದೆ ಅಂತ ಇಣುಕಿದ ಡಾಕ್ಟರುಗಳ ಕಥೆ ನಮ್ಮ ವೃತ್ತಿಯಲ್ಲಿ ಬೇಕಾದಷ್ಟಿವೆ. ಈಗ ಹಲವು ಕಡೆ ಕಂಪ್ಯೂಟರೇ ಚೀಟಿ ಎತ್ತುತ್ತದೆ.

ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ? ಆಯ್ಕೆ ನನ್ನ ಕೈಯಲ್ಲಿದ್ದರೆ ತೆಳ್ಳಗಿರುವ, ಸಣ್ಣ ವಯಸ್ಸಿನ, ಸಕ್ಕರೆ ಕಾಯಿಲೆ ಇಲ್ಲದವರನ್ನು ಲ್ಯಾಪ್‌ಗೆ ಹಾಕುತ್ತೇನೆ, ಕೆಮ್ಮು ದಮ್ಮು ಇರುವ ಅಜ್ಜನನ್ನು ಓಪನ್‌ಗೆ ಬಿಡುತ್ತೇನೆ. ಕೊನೆಗೆ ಲ್ಯಾಪ್ ಗೆದ್ದಿತು ಅನ್ನುತ್ತೇನೆ. ಗೆದ್ದದ್ದು ಲ್ಯಾಪ್ ಅಲ್ಲ, ರೋಗಿಯ ವಯಸ್ಸು. ಸರ್ಜನ್‌ಗಳು ತಮ್ಮ ಕೈಚಳಕವನ್ನು ತಾವೇ ನಂಬಿಕೊಂಡು ಮೋಸಹೋದ ಉದಾಹರಣೆ ಒಂದೆರಡಲ್ಲ. 1950ರ ದಶಕದಲ್ಲಿ ಎದೆನೋವಿಗೆ ಎದೆಗೂಡಿನ ಒಳಮೈಯ ಒಂದು ರಕ್ತನಾಳ ಕಟ್ಟುವ ಆಪರೇಷನ್ ಬಹಳ ಜನಪ್ರಿಯವಾಗಿತ್ತು, ಮಾಡಿಸಿಕೊಂಡವರು ‘ಆಹಾ, ಎಷ್ಟು ಹಗುರ’ ಅನ್ನುತ್ತಿದ್ದರು. 1959ರಲ್ಲಿ ಅಮೆರಿಕದ ಕೆಲವು ವೈದ್ಯರು 17 ಜನರನ್ನು ತೆಗೆದುಕೊಂಡು ಕೆಲವರಿಗೆ ನಿಜಕ್ಕೂ ಕಟ್ಟಿದರು, ಕೆಲವರಿಗೆ ಬರೀ ಚರ್ಮ ಕೊಯ್ದು ಹೊಲಿದರು. ಎರಡೂ ಗುಂಪಿನವರಿಗೆ ಒಂದೇ ಥರ ಹಗುರವಾಯಿತು. ಆ ಆಪರೇಷನ್ ಅಲ್ಲಿಗೆ ಮೂಲೆ ಸೇರಿತು. (ಇವತ್ತು ಅಂಥ ಅಧ್ಯಯನಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಸಿಗಬೇಕಾದರೆ ಚಪ್ಪಲಿ ಸವೆಯುತ್ತದೆ. ಸವೆಯಲೂ ಬೇಕು.)

ಚೀಟಿ ಎತ್ತುವುದಕ್ಕೆ ಒಂದು ಷರತ್ತಿದೆ. ಎರಡರಲ್ಲಿ ಯಾವುದು ಮೇಲು ಅಂತ ಬಲ್ಲವರಿಗೇ ಪ್ರಾಮಾಣಿಕವಾಗಿ ಅನುಮಾನ ಇದ್ದರೆ ಮಾತ್ರ ಎತ್ತಬಹುದು. ನಿಮ್ಮ ತಂದೆಯ ವಿಷಯದಲ್ಲಿ ಎರಡೂ ಹತ್ತಾರು ವರ್ಷಗಳಿಂದ ಲಕ್ಷಾಂತರ ಜನಕ್ಕೆ ಮಾಡಿರುವ ಆಪರೇಷನ್‌ಗಳೇ. ಹೊಸ ಔಷಧಿ ಕುಡಿಸಿ ಏನಾಗುತ್ತದೆ ಅಂತ ನೋಡುವ ಥರದ್ದಲ್ಲ. ಚಿಕ್ಕ ಡಾಕ್ಟರು ಕೇಳಿದ್ದಾರೆ ಅಂದರೆ ಬಹುಶಃ ಅದು ಅವರ ಥೀಸಿಸ್. ನಮ್ಮ ರಾಜ್ಯದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಸರ್ಜರಿ ಓದುವ ಪ್ರತಿಯೊಬ್ಬ ಸ್ನಾತಕೋತ್ತರ ವಿದ್ಯಾರ್ಥಿಯೂ ಒಂದು ಪ್ರಬಂಧ ಬರೆಯಲೇಬೇಕು.

ಹಾಗಂತ ಕಣ್ಣು ಮುಚ್ಚಿ ಸಹಿ ಹಾಕಿ ಅನ್ನುತ್ತಿಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲಿದೆಯೇ ನೋಡಿ. ಇಂಗ್ಲಿಷಿನದ್ದನ್ನು ಮುಂದಿಟ್ಟು ‘ಇಲ್ಲಿ ಹಾಕಿ’ ಅಂದರೆ ಕನ್ನಡದ್ದು ಕೊಡಿ ಅನ್ನಿ, ಅದು ನಿಮ್ಮ ಹಕ್ಕು. ಮನೆಗೆ ತಂದು ಓದಿ, ಒಂದು ಪ್ರತಿ ನಿಮ್ಮ ಹತ್ತಿರ ಉಳಿಯಬೇಕು. ಅದರಲ್ಲಿ ಸೇರದಿದ್ದರೂ ಚಿಕಿತ್ಸೆಗೆ ಏನೂ ಕೊರತೆಯಾಗುವುದಿಲ್ಲ, ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಗೆ ಬರಬಹುದು ಅಂತ ಇರಲೇಬೇಕು. ಅಧ್ಯಯನದ ಕಾರಣಕ್ಕೇ ತೊಂದರೆಯಾದರೆ ಖರ್ಚು ಯಾರದು ಅನ್ನುವುದೂ ಇರಬೇಕು. ಆಸ್ಪತ್ರೆಯ ನೈತಿಕ ಸಮಿತಿ ಒಪ್ಪಿದೆಯೇ ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಆ ಸಮಿತಿಯಲ್ಲಿ ಕನಿಷ್ಠ ಏಳು ಜನ ಇರಬೇಕು, ಅಧ್ಯಕ್ಷರು ಆ ಸಂಸ್ಥೆಯ ಹೊರಗಿನವರಾಗಿರಬೇಕು, ಕಾನೂನು ಬಲ್ಲವರ ಜೊತೆಗೆ ನಿಮ್ಮ ನನ್ನಂಥ ಸಾಮಾನ್ಯರೊಬ್ಬರೂ ಇರಬೇಕು. ಅಲ್ಲ, ನನ್ನಂಥವರಲ್ಲ, ನಿಮ್ಮಂಥವರು, ಡಾಕ್ಟರಲ್ಲದವರೇ ಬೇಕು. ಇನ್ನು ಸಿಟಿಆರ್‌ಐ ನಂಬರ್ ಕೇಳಿ. ದೇಶದಲ್ಲಿ ನಡೆಯುವ ಪ್ರಯೋಗಗಳನ್ನು ಮೊದಲೇ ನೋಂದಾಯಿಸುವ ಸರ್ಕಾರಿ ದಾಖಲೆ ಅದು, 2007ರ ಜುಲೈನಿಂದ ಇದೆ. ಮೊಬೈಲಿನಲ್ಲಿ ಯಾರು ಬೇಕಾದರೂ ತೆಗೆದು ನೋಡಬಹುದು, ಕಾಸಿಲ್ಲ. ಯಾವುದನ್ನು ಅಳೆಯುತ್ತೇವೆ ಅಂತ ಶುರುವಿಗೆ ಮುಂಚೆಯೇ ಅಲ್ಲಿ ಬರೆದಿರುತ್ತಾರೆ, ಆಮೇಲೆ ತಮಗೆ ಬೇಕಾದ ಫಲಿತಾಂಶ ಆರಿಸಿಕೊಳ್ಳುವಂತಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾಗಿ ಇದನ್ನು ಕೇಳಿ: ಚೀಟಿಯಲ್ಲಿ ಲ್ಯಾಪ್ ಬಂದರೆ ಚಾಕು ಹಿಡಿಯುವವರು ಯಾರು? ಪಳಗಿದ ಹಿರಿಯ ಸರ್ಜನ್ ತಾವೇ ಮಾಡುತ್ತಾರೆ, ಅಥವಾ ಪಕ್ಕದಲ್ಲೇ ನಿಂತು ಮಾಡಿಸುತ್ತಾರೆ ಅಂದರೆ ಸರಿ. ‘ಯಾರು ಡ್ಯೂಟಿಯಲ್ಲಿರ್ತಾರೋ ಅವರು’ ಅನ್ನುವ ಉತ್ತರ ಬಂದರೆ ನಾನಾದರೆ ಸಹಿ ಹಾಕುವುದಿಲ್ಲ. 250ರ ಲೆಕ್ಕ ಮೇಲೆ ಹೇಳಿದೆನಲ್ಲ.

ಸೇರಿದರೆ ನಿಮಗೇನು ಲಾಭ ಅಂದರೆ, ನೇರವಾಗಿ ಏನೂ ಇಲ್ಲದಿರಬಹುದು. ವರ್ಷದವರೆಗೆ ಯಾರೋ ಒಬ್ಬರು ನಿಮ್ಮ ತಂದೆಯ ಗಾಯ ಹೇಗಿದೆ ಅಂತ ತಪ್ಪದೆ ಕೇಳುತ್ತಿರುತ್ತಾರೆ, ಅದೇ ದೊಡ್ಡದು ಅಂತ ನನ್ನ ಎಣಿಕೆ. ಊರಿಗೆ ಲಾಭ ಖಂಡಿತ ಇದೆ. ಹೊಟ್ಟೆಯ ಆಪರೇಷನ್ ಗಾಯದಲ್ಲಿ ಕೀವಾಗದಿರಲು ಏನು ಮಾಡಬೇಕು ಅಂತ ಭಾರತ, ಘಾನಾ, ನೈಜೀರಿಯಾ, ರುವಾಂಡಾ ಸೇರಿ ಏಳು ದೇಶಗಳ ಆಸ್ಪತ್ರೆಗಳು ಒಟ್ಟಾಗಿ ಎರಡು ದೊಡ್ಡ ಅಧ್ಯಯನ ಮಾಡಿದವು. ಮೊದಲನೆಯದು 2021ರಲ್ಲಿ ಬಂತು, 5,788 ರೋಗಿಗಳು. ಕೀಟಾಣುನಾಶಕ ಲೇಪಿಸಿದ ದುಬಾರಿ ದಾರದಲ್ಲಿ ಹೊಲಿದರೂ ಮಾಮೂಲಿ ದಾರದಲ್ಲಿ ಹೊಲಿದರೂ ವ್ಯತ್ಯಾಸ ಕಾಣಲಿಲ್ಲ. ಚರ್ಮಕ್ಕೆ ಹಚ್ಚುವ ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್ ಕೂಡ ನಮ್ಮ ಹಳೆಯ ಕಂದು ಅಯೋಡಿನ್‌ಗಿಂತ ಮೇಲೇನೂ ಆಗಲಿಲ್ಲ. ಎರಡನೆಯದು ಮರುವರ್ಷ, 81 ಆಸ್ಪತ್ರೆ, 13,301 ರೋಗಿಗಳು. ಹೊಟ್ಟೆ ಮುಚ್ಚುವ ಮುಂಚೆ ತಂಡದವರೆಲ್ಲ ಗ್ಲೌಸ್ ಬದಲಾಯಿಸಿ, ಬೇರೆ ಶುದ್ಧ ಉಪಕರಣ ತೆಗೆದುಕೊಳ್ಳುವುದು, ಇಷ್ಟೇ ಪರೀಕ್ಷಿಸಿದ್ದು. ಕೀವಾದವರು ನೂರಕ್ಕೆ 18.9 ಇದ್ದದ್ದು 16ಕ್ಕೆ ಇಳಿಯಿತು. ಕರುಳು, ಅಪೆಂಡಿಕ್ಸ್‌ನಂಥ ಆಪರೇಷನ್‌ಗಳ ಲೆಕ್ಕ ಇದು, ಹರ್ನಿಯಾದಂಥ ಶುದ್ಧ ಗಾಯದಲ್ಲಿ ಕೀವಿನ ಪ್ರಮಾಣ ಇದಕ್ಕಿಂತ ಎಷ್ಟೋ ಕಡಿಮೆ. ನನಗೆ ಮೆಚ್ಚಿಗೆಯಾದದ್ದು ಬೇರೆ. ದುಬಾರಿ ದಾರ ದಂಡ, ಒಂದು ಜೊತೆ ಗ್ಲೌಸ್ ಸಾರ್ಥಕ ಅಂತ ನಮಗೆ ತಿಳಿದದ್ದು ನಮ್ಮಂಥ ವಾರ್ಡುಗಳಲ್ಲಿ ಮಲಗಿದ್ದ ಜನ ಒಪ್ಪಿ ಸಹಿ ಹಾಕಿದ್ದರಿಂದ.

ಮೆಶ್ ಬಗ್ಗೆ ಕೇಳಿದಿರಿ. ಬಹುಪಾಲು ಮೆಶ್ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ ನೂಲಿನ ಜಾಲರಿ. ಕೆಲವು ವಾರಗಳಲ್ಲಿ ಅದರ ಕಣ್ಣುಗಳ ಮೂಲಕ ನಮ್ಮದೇ ಅಂಗಾಂಶ ಬೆಳೆದು ಗೋಡೆಯ ಜೊತೆ ಒಂದಾಗುತ್ತದೆ. ಬರೀ ಹೊಲಿಗೆಗೆ ಹೋಲಿಸಿದರೆ ಮೆಶ್ ಹಾಕಿದಾಗ ಮರುಕಳಿಸುವುದು ಅರ್ಧಕ್ಕಿಂತ ಕಡಿಮೆ. ಕೇಳಲು ಭರ್ಜರಿಯಾಗಿದೆ. ಅದೇ ಅಂಕಿಯನ್ನು ಇನ್ನೊಂದು ರೀತಿ ಹೇಳಬಹುದು: 46 ಜನಕ್ಕೆ ಮೆಶ್ ಹಾಕಿದರೆ ಒಬ್ಬರಿಗೆ ಮರುಕಳಿಸುವುದು ತಪ್ಪುತ್ತದೆ. ಎರಡೂ ನಿಜವೇ. ಮಾರುವವರು ಮೊದಲನೆಯದನ್ನು ಹೇಳುತ್ತಾರೆ, ನೀವು ಎರಡನೆಯದನ್ನು ಕೇಳಿ. ಇಷ್ಟಾದರೂ ನಾನು ಮೆಶ್ ಪರವೇ. ನಿಮ್ಮ ತಂದೆ ಮೂಟೆ ಎಳೆಯುವವರು.

ಯಾವ ರೀತಿ ಮಾಡಿದರೂ ಮುಚ್ಚಿಡಬಾರದ ಒಂದು ಸಂಗತಿ ಇದೆ. ಆಪರೇಷನ್ ಆಗಿ ಮೂರು ತಿಂಗಳು ಕಳೆದ ಮೇಲೂ ಕಾಡುವ ನೋವು ನೂರಕ್ಕೆ ಹತ್ತು ಹನ್ನೆರಡು ಜನರಲ್ಲಿ ಉಳಿಯುತ್ತದೆ ಅನ್ನುವುದು 2018ರ ಆ ಮಾರ್ಗಸೂಚಿಯ ಲೆಕ್ಕ. ದಿನನಿತ್ಯದ ಕೆಲಸಕ್ಕೇ ಅಡ್ಡಿಯಾಗುವಷ್ಟು ನೋವು ಅದಕ್ಕಿಂತ ಬಹಳ ಕಡಿಮೆ ಜನಕ್ಕೆ. ಈಗ ನೋವೇ ಇಲ್ಲದವರನ್ನು ‘ಈ ವಾರವೇ’ ಅಂತ ಎಳೆದು ಮಲಗಿಸಲು ನಾನು ಹಿಂಜರಿಯುವುದು ಇದಕ್ಕೇ. ಮರುಕಳಿಸುವುದರ ಬಗ್ಗೆ ಎಲ್ಲ ಸರ್ಜನ್ನರೂ ಮಾತಾಡುತ್ತಾರೆ, ಈ ನೋವಿನ ಬಗ್ಗೆ ಕೇಳಿದರಷ್ಟೇ ಹೇಳುತ್ತಾರೆ.

ಮೆಶ್ ಅಂದಾಗ ಒಂದು ಸ್ವಾರಸ್ಯ ನೆನಪಾಗುತ್ತದೆ. ಕಂಪನಿಯ ಮೆಶ್ ಬಡವರ ಕೈಗೆ ಎಟುಕದ ಕಾಲದಲ್ಲಿ ಮಹಾರಾಷ್ಟ್ರದ ದೊಂಡಾಯಿಚಾ ಎಂಬ ಊರಿನ ಸರ್ಜನ್ ಡಾ. ರವೀಂದ್ರನಾಥ ಟೋಂಗಾವ್ಕರ್ ಮತ್ತು ಅವರ ಜೊತೆಗಾರರು ಸೊಳ್ಳೆ ಪರದೆಯ ಬಟ್ಟೆಯನ್ನೇ ಕತ್ತರಿಸಿ, ಶುದ್ಧೀಕರಿಸಿ ಹಾಕಿ, 2003ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಕೇಳಿದವರು ನಕ್ಕಿರಬೇಕು. 2016ರಲ್ಲಿ ಉಗಾಂಡದಲ್ಲಿ 302 ಗಂಡಸರಿಗೆ ಚೀಟಿ ಎತ್ತಿ ಅರ್ಧ ಜನಕ್ಕೆ ಅಂಥ ಬಟ್ಟೆ, ಅರ್ಧ ಜನಕ್ಕೆ ಕಂಪನಿಯ ಮೆಶ್ ಹಾಕಿ ನೋಡಿದರು. ಒಂದು ವರ್ಷದ ನಂತರ ಮರುಕಳಿಸಿದ್ದು ಸೊಳ್ಳೆ ಪರದೆ ಗುಂಪಿನಲ್ಲಿ ಒಬ್ಬರಿಗೆ, ಇನ್ನೊಂದರಲ್ಲಿ ಯಾರಿಗೂ ಇಲ್ಲ. ಅಂದರೆ ಎರಡೂ ಸಮಸಮ. ಇದನ್ನು ಓದಿ ಯಾರೂ ಚಿಕ್ಕಪೇಟೆಗೆ ಹೋಗಿ ಪರದೆ ಕೊಂಡು ಆಸ್ಪತ್ರೆಗೆ ತರಬೇಡಿ ಮಾರಾಯ್ರೇ, ಅದಕ್ಕೆ ಸರಿಯಾದ ಬಟ್ಟೆ, ಸರಿಯಾದ ಶುದ್ಧೀಕರಣ ಬೇಕು. ಆದರೆ ‘ಇಂಪೋರ್ಟೆಡ್ ಮೆಶ್ ಹಾಕ್ತೀವಿ, ಇಷ್ಟು ಸಾವಿರ ಎಕ್ಸ್‌ಟ್ರಾ’ ಅಂದಾಗ ಉಗಾಂಡದ ಆ 302 ಜನರನ್ನು ನೆನೆಸಿಕೊಳ್ಳಿ.

ಆಪರೇಷನ್ ದಿನದ್ದು ಸ್ವಲ್ಪ ಹೇಳಿಬಿಡುತ್ತೇನೆ. ತಂದೆಯವರನ್ನು ಥಿಯೇಟರಿಗೆ ಕರೆದೊಯ್ಯುವ ಮುಂಚೆ, ಅವರು ಎಚ್ಚರವಾಗಿರುವಾಗಲೇ, ಬಲ ತೊಡೆಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬಾಣದ ಗುರುತು ಹಾಕಿದ್ದಾರಾ ನೋಡಿ. ಮಲಗಿದರೆ ಉಬ್ಬು ಮಾಯವಾಗುತ್ತದೆ, ಆಮೇಲೆ ಎಡ ಬಲ ಎರಡೂ ಒಂದೇ ಥರ ಕಾಣುತ್ತವೆ. ಒಳಗೆ ಹೆಸರು, ಯಾವ ಕಡೆ, ಯಾವ ಔಷಧಿ ಒಗ್ಗುವುದಿಲ್ಲ ಅಂತ ಗಟ್ಟಿಯಾಗಿ ಓದಿ ಹೇಳುವ ಚೆಕ್‌ಲಿಸ್ಟ್ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಆ ಪಟ್ಟಿಯನ್ನು ದೆಹಲಿ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಬಳಸಿ ನೋಡಿದಾಗ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿದಿತ್ತು, ಅದು 2009ರಲ್ಲಿ. ಐದು ವರ್ಷದ ಮೇಲೆ ಕೆನಡಾದ ಒಂಟಾರಿಯೊ ಪ್ರಾಂತ್ಯದ 101 ಆಸ್ಪತ್ರೆಗಳ ಲೆಕ್ಕ ತೆಗೆದರೆ ಹೇಳಿಕೊಳ್ಳುವಂಥ ಇಳಿಕೆ ಇರಲಿಲ್ಲ. ಓದಿ ಹೇಳುವುದಕ್ಕೂ ಕೂತಲ್ಲೇ ಟಿಕ್ ಹೊಡೆಯುವುದಕ್ಕೂ ವ್ಯತ್ಯಾಸವಿದೆ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಬೇರೆ ಅರ್ಥ ಮಾಡುವವರೂ ಇದ್ದಾರೆ.

ನೀವು ಬರೆದಿಲ್ಲ, ಆದರೂ ಕೇಳುತ್ತೇನೆ: ಅಂಗಡಿ ಮುಚ್ಚಿದ ಮೇಲೆ ತಂದೆಯವರು ಬೀಡಿ ಸಿಗರೇಟು ಸೇದುತ್ತಾರಾ? ಸೇದುವುದಾದರೆ ಆಪರೇಷನ್‌ಗೆ ಕನಿಷ್ಠ ನಾಲ್ಕು ವಾರ ಮುಂಚೆ ಬಿಡಿಸಿ. ಗಾಯ ಮಾಯುವುದೂ ಕೆಮ್ಮು ತಗ್ಗುವುದೂ ಅದರ ಮೇಲಿದೆ. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಎದ್ದು ತಿಣುಕುತ್ತಿದ್ದರೆ ಪ್ರಾಸ್ಟೇಟ್ ತೋರಿಸಿ. ತಿಣುಕಾಟ ನಿಲ್ಲದೆ ಹರ್ನಿಯಾ ಹೊಲಿದರೆ ಸೋರುವ ಟ್ಯಾಂಕಿಗೆ ಬಣ್ಣ ಹೊಡೆದ ಹಾಗೆ.

ಸಹಿಯ ವಿಷಯಕ್ಕೆ ನನ್ನ ಮಾತು ಇಷ್ಟು. ಮತ್ತೊಮ್ಮೆ ಆ ಮೆಡಿಕಲ್ ಕಾಲೇಜಿಗೆ ಹೋಗಿ, ಈ ಸಲ ಮಧ್ಯಾಹ್ನದ ಮೇಲೆ, ಓಪಿಡಿ ಗಲಾಟೆ ಇಳಿದ ಮೇಲೆ. ಚಿಕ್ಕ ಡಾಕ್ಟರ ಜೊತೆ ಅವರ ಗೈಡನ್ನೂ ಕಾಣಿ. ಚಾಕು ಹಿಡಿಯುವವರು ಯಾರು ಅನ್ನುವುದಕ್ಕೆ ನೇರ ಉತ್ತರ ಸಿಕ್ಕಿದರೆ, ಕನ್ನಡದ ಒಪ್ಪಿಗೆ ಪತ್ರ ಓದಿ ತಂದೆಯವರಿಗೇ ಒಪ್ಪಿಗೆಯಾದರೆ ಹಾಕಲಿ. ಸಹಿ ಅವರದು, ನಿಮ್ಮದಲ್ಲ. ಹಾಕಿದರೆ ಫೋನ್ ನಂಬರಿನ ಜಾಗದಲ್ಲಿ ಅವರದನ್ನೂ ನಿಮ್ಮದನ್ನೂ ಎರಡನ್ನೂ ಬರೆಸಿ. ಆರು ತಿಂಗಳ ಮೇಲೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಲೋನ್ ಕೊಡುವವರು ಅಂತ ಕಟ್ ಮಾಡಬೇಡಿ. ಎತ್ತಿ, ನೋವಿದ್ದರೆ ಇದೆ ಅನ್ನಿ.